ಸ್ಯಾಂಪಲ್ ಪ್ಯಾಕೆಟ್

ಅಪ್ಪ,

ನೀನು ತೀರಿಹೋಗಿ ಎಂಟು ತಿಂಗಳಾಯಿತು. ಆದರೂ ಇದನ್ನು ನಿನಗೇ ಹೇಳಬೇಕು. ಇವತ್ತು ಗವರ್ನರ್‌ಪೇಟೆಯ ನಮ್ಮ ಬ್ಯಾಂಕಿನಲ್ಲಿ ಜಗಳವಾಡಿ ಬಂದೆ.

ಚಿಪ್ಸ್ ಕಾರ್ಖಾನೆಗೆ ಸಬ್ಸಿಡಿ ಸಾಲ ಕೇಳಲು ಒಬ್ಬರು ಬಂದಿದ್ದರು. ಎಲ್ಲರಂತೆ ಅವರೂ ನನ್ನ ಮೇಜಿನ ಮೇಲೆ ಸ್ಯಾಂಪಲ್ ಪ್ಯಾಕೆಟ್ಟುಗಳನ್ನು ಸುರಿದರು. "ನಿಮ್ಮ ಮಕ್ಕಳು ಇದನ್ನ ತಿಂತಾರಾ?" ಎಂದು ಕೇಳಿದೆ.

"ಅಮ್ಮೋ, ನಮ್ಮನೇಲಿ ಕೊಡಲ್ಲಂಡಿ! ಬರೀ ಉಪ್ಪು, ಪಾಮಾಯಿಲ್" ಎಂದು ತೆಲುಗು ಬೆರೆಸಿ ಹೇಳಿ ನಕ್ಕರು.

ಪಾಮಾಯಿಲ್ ಕೊಡುವ ತಾಳೆ ತೋಟಕ್ಕೆ ಸಬ್ಸಿಡಿ, ಆ ಎಣ್ಣೆಯಲ್ಲಿ ಕರಿಯುವ ಯಂತ್ರಕ್ಕೂ ಸಬ್ಸಿಡಿ. ಸೊಪ್ಪು ಬೆಳೆಯುವವಳಿಗೆ ಕೊಡಲು ನನ್ನ ಮೇಜಿನಲ್ಲಿ ಒಂದು ಫಾರಂ ಕೂಡ ಇಲ್ಲ. ಶಿಫಾರಸು ಮಾಡುವುದಿಲ್ಲ ಎಂದು ಫೈಲಿನಲ್ಲಿ ಬರೆದೆ.

ಮ್ಯಾನೇಜರ್ ರಾಮಮೋಹನ್, "ರೂಲ್ಸ್ ಪ್ರಕಾರ ಎಲ್ಲಾ ಸರಿ ಇದೆಯಲ್ಲ ಮೇಡಂ, ವಿಶಾಖಪಟ್ಟಣಕ್ಕೆ ಟ್ರಾನ್ಸ್‌ಫರ್ ಬೇಕಾ?" ಎಂದರು. ಎತ್ತಂಗಡಿ ಮಾಡಲಿ. ಅಲ್ಲಿಯೂ ಇದನ್ನೇ ಬರೆಯುತ್ತೇನೆ.

ಸಂಜೆ ಪಟಮಟದ ಮನೆಯ ಗೇಟು ತೆಗೆದಾಗ ಜಗಲಿಯಲ್ಲಿ ನಿನ್ನ ಕುರ್ಚಿ ಕಂಡಿತು. ಡಾಕ್ಟರು ಉಪ್ಪು ಬೇಡವೆಂದ ಮೇಲೂ ನೀನು ಅಲ್ಲಿ ಕೂತು, "ಇವತ್ತೇನೇ ಬಂತು ಸ್ಯಾಂಪಲ್?" ಎಂದು ಕೈ ಚಾಚುತ್ತಿದ್ದೆ. ನಾನು ನಗುತ್ತಾ ಬ್ಯಾಗು ತೆರೆಯುತ್ತಿದ್ದೆ.

ಇವತ್ತು ಬ್ಯಾಗಿನಲ್ಲಿ ಏನೂ ಇಲ್ಲ, ಅಪ್ಪ.