ಬಿಸಿಲಿಗಿಟ್ಟ ಮುಚ್ಚಳ

ಯಮಕನಮರಡಿ
೨೮ ಮಾರ್ಚ್ ೧೯೬೫

ಮುದಕವ್ವಗೆ ಶಿದ್ಲಿಂಗಪ್ಪ ಬರೆಯುವುದು,

ಮೂರನೇ ಇಯತ್ತೆಗೆ ಸಾಲಿ ಬಿಟ್ಟವನ ಕೈಯಲ್ಲಿ ಕಾಗದ ಬರೆಸುವುದು ನಿನ್ನ ತಮ್ಮನಿಗೆ ಏನು ಚಟವೋ. ಬಾಯಲ್ಲಿ ಹೇಳುತ್ತೇನೆ, ನಿನ್ನ ತವರು ತುಕ್ಕಾನಟ್ಟಿಗೆ ಹೋಗಿ ಮುಟ್ಟಿಸು ಎಂದರೆ ಖಂಡೆಪ್ಪ ಕೇಳಲಿಲ್ಲ. "ಅಕ್ಕಗ ನಿಮ್ಮ ಬಾಯಿ ಮ್ಯಾಲೆ ನಂಬಿಗಿ ಇಲ್ರಿ ಮಾಮಾ, ಬರದ ಕೊಡ್ರಿ" ಎಂದು ಹಟ ಹಿಡಿದು ಕೂತಿದ್ದಾನೆ. ಡಾಂಬರಿನ ಪೀಪಾಯಿ ಹೊತ್ತ ಕೈಗೆ ಪೆನ್ನು ನಿಲ್ಲುವುದಿಲ್ಲ. ಮೊದಲು ಕ್ಷೇಮ ಕೇಳಬೇಕಂತೆ. ಕೇಳಿದ್ದೇನೆ ಎಂದುಕೋ.

ಜೋಳದ ಪೆಟ್ಟಿಗೆಯ ಮುಚ್ಚಳ ಕೇಳಿದ್ದೀ. ನಮ್ಮ ಮಗಳು ಶಂಕ್ರವ್ವ ತೀರಿಹೋಗುವ ಎರಡು ತಿಂಗಳ ಮುಂಚೆ ನನ್ನ ಡಾಂಬರು ಡಬ್ಬಿಗೆ ಕಡ್ಡಿ ಅದ್ದಿ ಅದರ ಮೇಲೆ ಬರೆದಿದ್ದಳಲ್ಲ: "ಇದು ಅವ್ವಂದು. ಅಪ್ಪ ಮುಟ್ಟಬ್ಯಾಡ." ಅದರಲ್ಲಿ ನೀನು ಅಡಗಿಸಿಟ್ಟ ಬೆಲ್ಲವನ್ನು ನಾನು ಕದ್ದು ತಿನ್ನುತ್ತೇನೆಂದು ಅವಳಿಗೆ ಸಿಟ್ಟು. ಅವಳ ಕೈಯದು ಎಂದು ನಮಗೆ ಉಳಿದದ್ದು ಅದೊಂದೇ. ನೀನು ಎರಡು ಸಲ ಹೇಳಿ ಕಳಿಸಿದಾಗಲೂ ಮುಚ್ಚಳ ಭದ್ರವಾಗಿದೆ ಎಂದೆ. ಸುಳ್ಳು.

ನೀನು ತವರಿಗೆ ಹೋದ ಆ ವರ್ಷವೇ ಮಳೆಗೆ ಗೋಡೆ ಸೋರಿ ಮುಚ್ಚಳಕ್ಕೆ ಬಿಳೇ ಬೂಸು ಹತ್ತಿತು. ಹೆದರಿದೆ. ದಸರೆ ಮುಗಿದ ಕೂಡಲೇ ಮಾಳಿಗೆಗೆ ಒಯ್ದು ಬಿಸಿಲಿಗಿಟ್ಟೆ. ಮೆಣಸಿನಕಾಯಿ, ಸಂಡಿಗೆ, ಹಾಸಿಗೆ, ಬಿತ್ತುವ ಬೀಜ, ಕೆಡಬಾರದ್ದನ್ನೆಲ್ಲ ನೀನು ಬಿಸಿಲಿಗೇ ಇಡುತ್ತಿದ್ದೆ. ನಿನ್ನಿಂದ ಕಲಿತದ್ದನ್ನೇ ಮಾಡಿದೆ. ಗಾಳಿಗೆ ಹಾರಬಾರದೆಂದು ಮೇಲೊಂದು ತಗಡಿನ ಪಟ್ಟಿ ಬಿಗಿದೆ. ಮಳೆಗಾಲಕ್ಕೆ ಕೆಳಗಿಳಿಸಿ, ಮತ್ತೆ ಏರಿಸಿದೆ. ಕರೀ ಅಕ್ಷರ ಮೊದಲು ಕಂದಾದವು, ಆಮೇಲೆ ಬೂದಿಯ ಬಣ್ಣ. ಹೋದ ತಿಂಗಳು ಅರಿವೆಯಿಂದ ಒರೆಸಿದರೆ ಪುಡಿಯಾಗಿ ಅರಿವೆಗೇ ಬಂದವು.

ಹುಕ್ಕೇರಿ ಸಾಲಿಯ ವಿಜ್ಞಾನದ ಭೀಮರಾಯ ಮಾಸ್ತರರಿಗೆ ತೋರಿಸಿದೆ. ಡಾಂಬರಿನಲ್ಲಿ ಬಳೆಗೆ ಬಳೆ ಬೆಸೆದ ಹಾಗೆ ಕಣ್ಣಿಗೆ ಕಾಣದ ಜೋಡಣೆ ಇರುತ್ತದಂತೆ. ಬಿಸಿಲು ಬಿದ್ದು ಬಿದ್ದು ಆ ಬೆಸುಗೆ ಸಡಿಲಾಗುತ್ತದಂತೆ. ಗಾಳಿಯಲ್ಲಿ ಓಜೋನ್ ಎಂಬುದೊಂದು ಇದ್ದು, ಅದು ಬಳೆಗಳನ್ನು ಒಂದೊಂದಾಗಿ ಕಚ್ಚಿ ಒಡೆಯುತ್ತದಂತೆ. "ಕತ್ತಲ್ಯಾಗ ಇಟ್ಟಿದ್ರ ಭಾಳ ವರ್ಷ ಇರ್ತಿತ್ತಲ್ಲೋ ಶಿದ್ಲಿಂಗಪ್ಪ" ಎಂದರು. ನನಗೆ ಅವರ ಮೇಲೇ ಸಿಟ್ಟು ಬಂತು. ರಸ್ತೆಯ ಡಾಂಬರು ಬೆಳ್ಳಗಾಗುವುದನ್ನು ಹನ್ನೆರಡು ವರ್ಷ ನೋಡಿದ್ದೇನೆ. ಲಾರಿಯ ಗಾಲಿ ತುಳಿದು ಹಾಗಾಗುತ್ತದೆ ಎಂದುಕೊಂಡಿದ್ದೆ.

ಡಾಂಬರಿಗೇನು ಬರ, ನಾನೇ ಮೇಲೆ ತೀಡಿ ಕೊಟ್ಟರೆ ನಿನಗೆ ಗೊತ್ತಾಗಲಿಕ್ಕಿಲ್ಲ ಎಂದು ಕಡ್ಡಿ ಅದ್ದಿಕೊಂಡೂ ಕೂತಿದ್ದೆ. ಅವಳ 'ವ' ಹೊಟ್ಟೆ ಬಿಟ್ಟುಕೊಂಡು ಪಕ್ಕಕ್ಕೆ ವಾಲುತ್ತಿತ್ತು. ನನಗೆ ಬರಲಿಲ್ಲ. ಕಡ್ಡಿ ಒಗೆದೆ.

ತಗಡು ಬಿಚ್ಚಿದಾಗ ಅದರ ಅಡಿಯಲ್ಲಿ ಬಿಸಿಲು ಕಾಣದೆ ಒಂದು ಮಾತು ಉಳಿದಿತ್ತು. ಇವತ್ತು ಬರೆದಷ್ಟು ಕಪ್ಪಗಿದೆ. ನಿನ್ನ ಹೆಸರಲ್ಲ, ನನ್ನದೂ ಅಲ್ಲ. "ಮುಟ್ಟಬ್ಯಾಡ" ಅಷ್ಟೇ.

ಕಂಬಳಿಯಲ್ಲಿ ಸುತ್ತಿ ಒಳಕೋಣೆಯಲ್ಲಿ ಇಟ್ಟಿದ್ದೇನೆ. ಖಂಡೆಪ್ಪನ ಕೈಯಲ್ಲಿ ಕಳಿಸಲೋ, ನೀನೇ ಬರುತ್ತೀಯೋ?

ಇಂತಿ,
ಶಿದ್ಲಿಂಗಪ್ಪ

ತಾ.ಕ.: ಇದನ್ನು ತಮ್ಮನಿಂದ ಓದಿಸಬೇಡ. ಶಂಕ್ರವ್ವ ನಿನಗೆ ಅಕ್ಷರ ಕಲಿಸಿದ್ದಾಳೆ, ಎಷ್ಟು ಹೊತ್ತಾದರೂ ನೀನೇ ಓದು. ಅವತ್ತು ನೀನು ಜ್ವರ ಬಂದ ಶಂಕ್ರವ್ವನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತು, "ಹುಕ್ಕೇರಿ ಬಸ್ಸು ಬಂದ್ರ ನಿಂದರಿಸಿ ಒದರ್ರಿ, ದವಾಖಾನಿಗೆ ಹೋಗೂಣು" ಎಂದಿದ್ದೆ. ಬಸ್ಸೇ ಬರಲಿಲ್ಲ ಎಂದು ನಾನು ಸಂಜೆಗೆ ಬಂದು ಹೇಳಿದೆ. ಬಂದಿತ್ತು. ಹಸೀ ಡಾಂಬರಿನ ಮುಂದೆ ಕೆಂಪು ಬಾವುಟ ಹಿಡಿದು ನಿಲ್ಲಿಸಿದವನು ನಾನೇ. "ಹತ್ತಾವರು ಅದಾರೇನೋ ಕಾಕಾ?" ಎಂದು ಡ್ರೈವರ್ ಕೇಳಿದ. ಪೀಪಾಯಿ ಕಾದಿತ್ತು, ಬಿಟ್ಟು ಹೋದರೆ ಮಿಸ್ತ್ರಿ ಬೈಯುತ್ತಾನೆ, ಜ್ವರ ತಾನೇ ಇಳಿದೀತು ಎಂದುಕೊಂಡೆ. ಯಾರೂ ಇಲ್ಲ ಎಂದೆ. ಹಸಿರು ಬಾವುಟ ಬೀಸಿದೆ.

ಬರುತ್ತೀಯೋ ಇಲ್ಲವೋ, ಏಪ್ರಿಲ್ ಹದಿನೈದರೊಳಗೆ ನಿನ್ನ ಕೈಯಲ್ಲೇ ಬರೆದ ಉತ್ತರ ನನಗೆ ಮುಟ್ಟಬೇಕು.