ಬಣ್ಣ ಹೊಂದದ ಹಸಿರು ಫ್ರಿಜ್ಜು

ಪೆಟ್ಟಿಗೆಗುಡ್ಡ, ದಾವಣಗೆರೆಯ ಪಡುವಣ ಮಗ್ಗುಲು
ಫೆಬ್ರವರಿ ೩೦, ೨೨೧೧

ಶ್ರೀಮತಿ ಸರ್ವಮಂಗಳಮ್ಮನವರಿಗೆ,

ತಾರೀಕು ನೋಡಿ ನಗಬೇಡಿ. ನಿಮ್ಮ ಫೆಬ್ರವರಿಯೂ ನಿಮ್ಮ ಉಳಿದ ಸಾಮಾನಿನಂತೆ ಅವಧಿಗೆ ಮೊದಲೇ ನಿಂತುಹೋಗುತ್ತಿತ್ತು. ನಾವು ಅದನ್ನು ರಿಪೇರಿ ಮಾಡಿಕೊಂಡಿದ್ದೇವೆ. ನನ್ನ ಬರವಣಿಗೆಯಲ್ಲಿ ನೀವು ಕೇಳದ ಪದಗಳು ಬಂದರೆ ಕ್ಷಮೆಯಿರಲಿ. ಈ ಕಾಗದ ನಿಮಗೆ ತಲುಪುವುದು ಹಿಂಟಪಾಲಿನಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ. ಅದರಲ್ಲಿ ಕಾಗದ ಮಾತ್ರ ಹೋಗುತ್ತದೆ, ಸಾಮಾನು ಹೋಗುವುದಿಲ್ಲ. ನಿಮ್ಮ ಕಡೆಯಿಂದ ಏನೂ ವಾಪಸು ಬರುವುದಿಲ್ಲ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಜನ ಸಾಮಾನ್ಯವಾಗಿ ತೀರಿಹೋದ ತಾಯಿಗೆ ಬರೆಯುತ್ತಾರೆ. ನನ್ನ ಪಾಲಿನದನ್ನು ನಾನು ನಿಮಗೆ ಖರ್ಚು ಮಾಡುತ್ತಿದ್ದೇನೆ, ಸಂತೋಷದಿಂದೇನೂ ಅಲ್ಲ.

ನನ್ನ ಹೆಸರು ಕೊಟ್ರಮ್ಮ. ಕಸುಬಿನಲ್ಲಿ ಬಿಚ್ಚುಗಾರ್ತಿ. ನಿಮ್ಮ ಕಾಲದವರು ಎಸೆದ ಯಂತ್ರಗಳನ್ನು ಅಗೆದು ತೆಗೆದು, ಬಿಚ್ಚಿ, ಬಳಕೆಗೆ ಬರುವುದನ್ನು ಬೇರೆ ಮಾಡುವುದು ನನ್ನ ಕೆಲಸ. ನಾವಿರುವ ಗುಡ್ಡ ದೇವರು ಮಾಡಿದ್ದಲ್ಲ, ನೀವು ಮಾಡಿದ್ದು. ಕೆಳಗಿನ ಪದರದಲ್ಲಿ ಅಪರೂಪಕ್ಕೊಂದು ಕಬ್ಬಿಣದ ಫ್ಯಾನು, ಒಂದು ಇಸ್ತ್ರಿಪೆಟ್ಟಿಗೆ. ಮೇಲಕ್ಕೆ ಬಂದಂತೆ ಮಿಕ್ಸಿ, ವಾಷಿಂಗ್ ಮೆಷಿನ್ನು, ಫ್ರಿಜ್ಜು, ರಾಶಿ ರಾಶಿ. ಮೇಲಿನವುಗಳಿಗೆ ಹೊಳಪು ಹೆಚ್ಚು, ಆಯಸ್ಸು ಕಡಿಮೆ. ನಮ್ಮಲ್ಲಿ ಯಾವ ಯಂತ್ರವೂ ಬಿಚ್ಚುಶಾಸ್ತ್ರ ಆಗದೆ ಹೊಸ್ತಿಲು ದಾಟುವಂತಿಲ್ಲ. ಮಾಡಿದವನು ಅಂಗಳದಲ್ಲಿ ಕೂತು, ನೆರೆಹೊರೆಯವರೆಲ್ಲರ ಎದುರು ಅದನ್ನು ಕೊನೆಯ ಸ್ಕ್ರೂವರೆಗೆ ಬಿಚ್ಚಬೇಕು; ಮನೆಯ ಹೆಂಗಸು ಮತ್ತೆ ಜೋಡಿಸಬೇಕು. ಓಡಿದರೆ ಆರತಿ ಎತ್ತಿ ಒಳಗೆ ತರುತ್ತೇವೆ. ಓಡದಿದ್ದರೆ ಮಾಡಿದವನೇ ಹೊತ್ತುಕೊಂಡು ವಾಪಸು ಹೋಗಬೇಕು. ನಿಮ್ಮ ಕಂಪನಿಯವರು ಒಮ್ಮೆ ನಮ್ಮ ಅಂಗಳದಲ್ಲಿ ಕೂತಿದ್ದರೆ ಚೆನ್ನಾಗಿತ್ತು. ಅಂಟಿನಲ್ಲಿ ಮುಳುಗಿಸಿಟ್ಟ ಆ ಡಬ್ಬಿಗಳನ್ನು ಯಾವ ಮುಖ ಇಟ್ಟುಕೊಂಡು ಬಿಚ್ಚುತ್ತಿದ್ದರೋ.

ಈ ಶಾಸ್ತ್ರವನ್ನು ಒಮ್ಮೆ ಮುರಿದವಳು ನಾನೇ. ನನ್ನ ತಮ್ಮನ ಮಗಳು ಹಾಲಮ್ಮನಿಗೆ ಒಂಬತ್ತು ವರ್ಷ. ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆ. ಅವಳ ಸೂಜಿಮದ್ದು ನಮ್ಮೂರಿಗೆ ಬರುವುದು ಆರು ತಿಂಗಳಿಗೊಮ್ಮೆ. ಅಷ್ಟೂ ದಿನ ಅದು ತಣ್ಣಗಿರಬೇಕು. ನಮ್ಮಲ್ಲಿದ್ದ ೧೯೭೪ರ ಹಸಿರು ಫ್ರಿಜ್ಜು ಗೊಣಗುತ್ತಲೇ ಆ ಕೆಲಸ ಮಾಡಿಕೊಂಡಿತ್ತು. ಎರಡು ವರ್ಷದ ಹಿಂದೆ ಕುಸಿದ ಅಂಗಡಿಯೊಂದನ್ನು ಅಗೆದಾಗ, ಪ್ಯಾಕಿಂಗ್ ಕೂಡ ಬಿಚ್ಚದ ಬಿಳಿ ಫ್ರಿಜ್ಜು ಸಿಕ್ಕಿತು. ಜೊತೆಗೊಂದು ಅಚ್ಚಾದ ಕಾರ್ಡು: ಹತ್ತು ವರ್ಷ ಗ್ಯಾರಂಟಿ, ಬಿಚ್ಚಬಾರದು. ನಮ್ಮಲ್ಲಿ ಅಚ್ಚು ಹಾಕಿಸುವುದು ಆಣೆಯ ಮಾತನ್ನು ಮಾತ್ರ. ಊರ ಹಿರಿಯ ಬಕ್ಕಪ್ಪಜ್ಜ ಕಾರ್ಡನ್ನು ಕಣ್ಣಿಗೊತ್ತಿಕೊಂಡು, "ಇಷ್ಟ್ ಚೆಂದ ಅಚ್ಚು ಹಾಕ್ಸಿ ಯಾರಾದ್ರೂ ಸುಳ್ಳು ಹೇಳ್ತಾರೇನವ್ವ?" ಎಂದರು. ನಾನೂ ತಲೆಯಾಡಿಸಿದೆ. ಬಿಚ್ಚದೆಯೇ ಒಳಗೆ ತಂದೆ. ಹಸಿರನ್ನು ಕೈಯಾರೆ ಕಳಚಿ, ಪೆಟ್ಟಿಗೆಯನ್ನು ಜೋಳ ತುಂಬಲು, ಮೋಟರನ್ನು ಕುಲುಮೆಗೆ ಗಾಳಿ ಊದಲು, ಸಣ್ಣಪುಟ್ಟದ್ದನ್ನು ಕರಗಿಸಲು ಕೊಟ್ಟುಬಿಟ್ಟೆ.

ಬಿಳಿಯದು ಹದಿನಾಲ್ಕು ತಿಂಗಳಿಗೆ ಸತ್ತಿತು. ಆಗ ಭೂತಗನ್ನಡಿ ಹಿಡಿದು ಕಾರ್ಡು ಓದಿದೆ. ಹತ್ತು ವರ್ಷ ಮೋಟರಿಗೆ ಮಾತ್ರವಂತೆ. ಮಿಕ್ಕಿದ್ದಕ್ಕೆಲ್ಲ ಒಂದೇ ವರ್ಷ. ಆಣೆಯನ್ನು ದಪ್ಪಕ್ಷರದಲ್ಲಿ ಹಾಕಿ, ಅದನ್ನು ಮುರಿಯುವ ಮಾತನ್ನು ಇರುವೆ ಗಾತ್ರದಲ್ಲಿ ಹಾಕುವ ನಾಚಿಕೆಗೇಡಿತನ ನಮಗೆ ಹೊಳೆದೇ ಇರಲಿಲ್ಲ. ಇನ್ನೂರು ವರ್ಷ ಮಣ್ಣಲ್ಲಿದ್ದದ್ದು ಕೆಡದೆ ಇರುತ್ತದೆಯೇ ಎಂದು ಮೂಗು ಮುರಿಯಬೇಡಿ. ನಿಮ್ಮ ಕಾಲದಲ್ಲೇ ಸತ್ತು ಗುಡ್ಡ ಸೇರಿದ ಅದೇ ಜಾತಿಯ ನಾನೂರು ಫ್ರಿಜ್ಜುಗಳನ್ನು ಬಿಚ್ಚಿದ್ದೇನೆ. ನಾನೂರರಲ್ಲೂ ಮೋಟರು ಗಟ್ಟಿ, ಕೊಳವೆ ಗಟ್ಟಿ. ಸತ್ತದ್ದು ಅಂಟಿನೊಳಗಿನ ಹೆಬ್ಬೆರಳಗಲದ ಒಂದು ಬೋರ್ಡು, ಎಲ್ಲದರಲ್ಲೂ ಅದೇ. ಹಳೆಯವು ಹಾಗಲ್ಲ. ಒಂದೊಂದಕ್ಕೆ ಒಂದೊಂದು ರೋಗ, ಹಾಗಾಗಿ ಸತ್ತ ಎರಡನ್ನು ಸೇರಿಸಿ ಓಡುವ ಒಂದನ್ನು ಮಾಡಬಹುದು. ನಾನೂರು ಹೆಣದಿಂದ ಒಂದು ಜೀವವನ್ನೂ ಎಬ್ಬಿಸಲಾಗದಂತೆ ಮಾಡಬೇಕಾದರೆ ನಿಜಕ್ಕೂ ಓದಿಕೊಂಡ ತಲೆಯೇ ಬೇಕು. ಅಂಥ ತಲೆಗಳಿಗೆ ಕುರ್ಚಿ ಹಾಕಿ ಕೂರಿಸಿ ಸಾಕಿದವರು ನೀವು.

ಹಸಿರು ಫ್ರಿಜ್ಜನ್ನು ಈಗ ಮತ್ತೆ ಜೋಡಿಸಿದ್ದೇನೆ. ಜೋಳ ಸುರಿದು ಪೆಟ್ಟಿಗೆ ತಂದೆ, ಕಮ್ಮಾರನ ಕೈಕಾಲು ಹಿಡಿದು ಮೋಟರು ತಂದೆ. ಕರಗಿಹೋದದ್ದು ತಂಪುಗುಂಡಿ, ಎಷ್ಟು ತಂಪಾದಾಗ ನಿಲ್ಲಬೇಕೆಂದು ಮೋಟರಿಗೆ ಹೇಳುವ ಗುಂಡಿ. ಆ ಮಾದರಿಯದು ಗುಡ್ಡದಲ್ಲಿ ಇನ್ನೊಂದಿಲ್ಲ. ಅದಿಲ್ಲದಿದ್ದರೆ ಮದ್ದು ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ ಮದ್ದು ನೀರಿಗಿಂತ ಕಡೆ. ಹೀಗಾಗಿ ನಾನು, ತಮ್ಮ, ತಮ್ಮನ ಹೆಂಡತಿ ಸರದಿಯ ಮೇಲೆ ಪಕ್ಕದಲ್ಲಿ ಕೂತು ಕೈಯಿಂದಲೇ ಸ್ವಿಚ್ಚು ಹಾಕಿ ತೆಗೆಯುತ್ತಿದ್ದೇವೆ. ಮೊನ್ನೆ ಮಧ್ಯಾಹ್ನ ನನ್ನ ಸರದಿಯಲ್ಲಿ ಕಣ್ಣು ಹತ್ತಿತು. ನಾಲ್ಕು ಸೀಸೆ ಗಟ್ಟಿಯಾದವು. ಉಳಿದದ್ದು ಮುಂದಿನ ಮದ್ದು ಬರುವವರೆಗೆ ಹೇಗೋ ಸಾಕಾಗುತ್ತದೆ. ಇನ್ನೊಮ್ಮೆ ಯಾರಿಗಾದರೂ ಕಣ್ಣು ಹತ್ತಿದರೆ ಸಾಕಾಗುವುದಿಲ್ಲ. ನನಗೆ ಭಯವಾಗುತ್ತಿದೆ.

ನೀವು ಬರುವುದು ಇಲ್ಲಿ. ಅದೇ ಅಂಗಡಿಯ ಕಾಗದಗಳ ನಡುವೆ ನಿಮ್ಮ ಎಕ್ಸ್‌ಚೇಂಜ್ ಚೀಟಿ ಸಿಕ್ಕಿತು. ನೀವು ಕೊಟ್ಟದ್ದು ನಮ್ಮ ಫ್ರಿಜ್ಜಲ್ಲ, ಅದೇ ಮಾದರಿಯ ಇನ್ನೊಂದು. ಸರ್ವಮಂಗಳಮ್ಮ, ಕೆರೆ ಹಿಂದಿನ ಎರಡನೇ ಅಡ್ಡರಸ್ತೆ. ಹಳೆಯ ಫ್ರಿಜ್ಜು ಒಂದು, ಹಸಿರು, ೧೯೭೪, ಓಡುತ್ತಿದೆ. ಕೊಡಲು ಕಾರಣ: ಹೊಸ ಅಡುಗೆಮನೆಗೆ ಬಣ್ಣ ಹೊಂದುವುದಿಲ್ಲ.

ಮೂರು ಸಲ ಓದಿದೆ. ಕೆಟ್ಟಿದೆ ಎಂದು ಸುಳ್ಳು ಬರೆದಿದ್ದರೂ ಸ್ವಲ್ಪ ಮರ್ಯಾದೆ ಇರುತ್ತಿತ್ತು. ಅಲ್ಲಿಯವರೆಗೆ ಕಂಪನಿಯವರಿಗೆ ಹಿಡಿಶಾಪ ಹಾಕುತ್ತಿದ್ದ ನನಗೆ, ಅವರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಐವತ್ತು ವರ್ಷ ಮನೆಯ ಹಾಲು ಕೆಡದಂತೆ ಕಾದದ್ದನ್ನು ಬಣ್ಣದ ನೆಪಕ್ಕೆ ಹೊರಗೆ ಹಾಕುವವರಿಗೆ ಒಂದೆರಡು ವರ್ಷ ಬಾಳುವುದು ಸಾಕೇ ಸಾಕು. ಬೈಯುವ ಹಕ್ಕು ನನಗೂ ಪೂರ್ತಿ ಇಲ್ಲ, ಹೊಳಪು ನೋಡಿ ಬಾಯಿ ಬಿಟ್ಟವಳೇ ನಾನೂ. ಆದರೂ ಬೈದಿದ್ದೇನೆ, ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಚೀಟಿಯ ಪ್ರಕಾರ ಅಂಗಡಿಯವರು ನಿಮ್ಮ ಮನೆಗೆ ಬರುವುದು ಈ ಶನಿವಾರ. ಫ್ರಿಜ್ಜು ಕೊಟ್ಟುಬಿಡಿ; ಬೇಡವೆಂದರೆ ಕೇಳುವವರು ನೀವಲ್ಲ. ಅದಕ್ಕೆ ಮೊದಲು ಒಳಗಿನ ಬಲಬದಿಯ ಗುಂಡಿಯ ಎರಡು ಸ್ಕ್ರೂ ಬಿಚ್ಚಿ, ಅದಕ್ಕಂಟಿದ ಸಣ್ಣ ತಾಮ್ರದ ನಳಿಗೆ ಮುರಿಯದಂತೆ ಹೊರತೆಗೆಯಿರಿ. ಮೇಣ ಸವರಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಹೂತಿಡಿ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ನಿಮ್ಮ ಮನೆಯಲ್ಲಿ ಇವತ್ತಿಗೂ ಇದ್ದಲ್ಲೇ ಇರುವುದು ಆ ಕಲ್ಲೊಂದೇ. ಹೋಗಿ ನೋಡಿ ಬಂದಿದ್ದೇನೆ.

ಇದನ್ನು ಬರೆಯುವಾಗ ಹಾಲಮ್ಮ ಪಕ್ಕದಲ್ಲಿ ಕೂತು, "ಅತ್ತೆ, ಅವ್ರು ಇಡ್ತಾರಾ?" ಎಂದು ಕೇಳಿದಳು. ಇಡುತ್ತಾರೆ ಎಂದೆ. ನಾಳೆ ಬೆಳಿಗ್ಗೆ ಗುದ್ದಲಿ ಹಿಡಿದು ಅವಳ ಜೊತೆ ಹೋಗುತ್ತೇನೆ. ಕಲ್ಲಿನ ಕೆಳಗೆ ಬರೀ ಮಣ್ಣಿದ್ದರೆ, ನೀವು ಓದಿ ಹರಿದು ಹಾಕಿದಿರೆಂದು ತಿಳಿದುಕೊಳ್ಳುತ್ತೇನೆ. ಮಗುವಿಗೆ ಮಾತ್ರ, ಕಾಗದ ತಲುಪಲಿಲ್ಲವಂತೆ ಎಂದು ಹೇಳುತ್ತೇನೆ.

ಕೊಟ್ರಮ್ಮ