ಗೋಡೆಯೇರಿದ ನಕಾಶೆ

ಅಕ್ಕೋರೇ,

ನೀವಿದ್ದಿದ್ದರೆ ನಿಮ್ಮ ಪಕ್ಕದ ಕುರ್ಚಿ ಎಳೆದುಕೊಂಡು ಒಂದು ಗಂಟೆ ಎಲ್ಲರನ್ನೂ ಬೈಯುತ್ತಿದ್ದೆ. ನೀವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀವು ತೀರಿಕೊಂಡ ಮೂರು ತಿಂಗಳಿಗೆ ನಮ್ಮ ಮಲಾಡ್ ಕನ್ನಡ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ತಪ್ಪಿಸಿಕೊಂಡಿರಿ ನೋಡಿ.

ಅದನ್ನು ಗೋಡೆಗೆ ಜಡಿದ ದಿನ ಹೆಡ್‌ಮಾಸ್ತರರು ತೆಂಗಿನಕಾಯಿ ಒಡೆಸಿದರು. ಗಾಜು ಕೆಟ್ಟೀತೆಂದು ಕುಂಕುಮವನ್ನು ಬೋರ್ಡಿನ ಬದಲು ಗೋಡೆಗೆ ಹಚ್ಚಿದರು. ಬೆನ್ನಿಗೇ ಹುಕುಂ: "ಟೀಚರ್, ಇನ್ನ ಮ್ಯಾಲ ಈ ಕ್ಲಾಸಿನ್ಯಾಗ ಖಡು ಬಂದ್. ಧೂಳ ಒಳಗ ಹೋದ್ರ ಮಶೀನ್ ಖರಾಬ್ ಆಗ್ತದ." ಸೀಮೆಸುಣ್ಣ ಬಂದ್ ಅಂತೆ! ನೆಲದ ಮೇಲೆ ಶಾಲೆ, ಸ್ಟೇಷನ್, ಮಾರ್ಕೆಟ್ ಬರೆದು ಮಕ್ಕಳನ್ನು ಅದರ ಮೇಲೆ ನಡೆಸುತ್ತಿದ್ದಿರಲ್ಲ, ಆ ಪಾಠಕ್ಕೂ ಅಲ್ಲಿಗೆ ಬಾಗಿಲು ಹಾಕಿದಂತಾಯಿತು. ನಾನು ಜಗಳವಾಡಬೇಕಿತ್ತು. ಆಡಲಿಲ್ಲ. ನನಗೂ ಆ ಬೋರ್ಡು ಚಂದ ಕಂಡಿತ್ತು, ಸುಳ್ಳೇಕೆ ಹೇಳಲಿ...

ಮೊದಲ ವಾರ ಮಕ್ಕಳಿಗೆ ಹಬ್ಬ. ತೆರೆಯ ಮೇಲೆ ನಮ್ಮ ಸುತ್ತಮುತ್ತಲಿನ ನಕಾಶೆ. ಪುಟ್ಟ ಬಸ್ಸೊಂದನ್ನು ಬೆರಳಿನಿಂದ ಶಾಲೆಯಿಂದ ಸ್ಟೇಷನ್ನಿಗೆ ಎಳೆದರೆ ಟಣ್ಣನೆ ಒಂದು ನಕ್ಷತ್ರ. ನಾಲ್ಕನೇ ಇಯತ್ತೆಯ ರೇಣುಕಾಗೆ ಎಲ್ಲರಿಗಿಂತ ಹೆಚ್ಚು ನಕ್ಷತ್ರ. ಒಂದು ದಿನ "ಉತ್ತರ ದಿಕ್ಕು ಎಲ್ಲಿದೆ?" ಎಂದು ಕೇಳಿದೆ. ಇಡೀ ತರಗತಿ ಮೇಲಿನ ಫ್ಯಾನಿಗೆ ಕೈ ತೋರಿಸಿತು. ಬೋರ್ಡಿನ ಬಾಣ ಮೇಲಕ್ಕೇ ಇದೆ, ಅವರದೇನು ತಪ್ಪು? ನಾನು ನಕ್ಕು ಸುಮ್ಮನಾದೆ. ತಪ್ಪು ಅದೇ.

ಒಂದು ಸೋಮವಾರ ರೇಣುಕಾಳ ಅಪ್ಪ ಶಿವಪ್ಪ ಬಂದರು. ವಿಜಯಪುರದ ಕಡೆಯವರು, ಬಿಲ್ಡಿಂಗ್ ಕೆಲಸ. ಇಷ್ಟು ದಿನ ಶಾಲೆಯ ಹಿಂದಿನ ಸೈಟಿನಲ್ಲಿದ್ದರು. ಈಗ ಕೆಲಸ ರೈಲು ಹಳಿಯ ಆಚೆ, ಈಸ್ಟಿನಲ್ಲಿ. ಬರುವ ಭಾನುವಾರ ಸಂಸಾರವೂ ಅಲ್ಲಿನ ಶೆಡ್ಡಿಗೆ ಹೋಗುವುದಿತ್ತು. "ಗಂಡ ಹೆಂಡ್ತಿ ಇಬ್ಬರಿಗೂ ಎಂಟಕ್ಕ ಡ್ಯೂಟಿ ರೀ ಟೀಚರ್. ಕೂಸು ತಾನ ಹಾದಿ ಹಿಡದು ಬಂದ್ರ ಸಾಲಿ. ಇಲ್ಲಂದ್ರ ಊರಿಗೆ, ಅವರಜ್ಜಿ ಕಡೆ. ಕುರಿ ಕಾಯ್ಕೊಂಡ ಇರ್ತಾಳ." ನಾನು ಜಂಬದಿಂದ, "ನಕಾಶೆಯಲ್ಲಿ ನಿಮ್ಮ ಮಗಳೇ ಫಸ್ಟ್" ಎಂದೆ. "ಹಂಗಾರ ಈಗ ನೋಡೂಣು," ಎಂದು ಅವಳನ್ನು ಗೇಟಿನಲ್ಲಿ ನಿಲ್ಲಿಸಿ ಸ್ಟೇಷನ್ನಿಗೆ ಹೋಗಲು ಹೇಳಿದರು. ಹುಡುಗಿ ಬಲಕ್ಕೆ ತಿರುಗಿದಳು! ತೆರೆಯ ಮೇಲೆ ಸ್ಟೇಷನ್ ಶಾಲೆಯ ಬಲಕ್ಕಿದೆ. ಆದರೆ ನಮ್ಮ ಗೇಟಿನ ಮುಖ ದಕ್ಷಿಣಕ್ಕೆ. ಹೊರಗೆ ಬಂದವರಿಗೆ ಸ್ಟೇಷನ್ ಎಡಕ್ಕೆ. ಮಾರ್ಕೆಟ್ಟಿನಲ್ಲಿ ದಿಕ್ಕೆಟ್ಟು ಅಳುತ್ತ ನಿಂತಿದ್ದವಳನ್ನು ಅಪ್ಪ ಎತ್ತಿಕೊಂಡು ಬಂದರು. "ಹಾದೀನ ಗೊತ್ತಿಲ್ಲ, ಚುಕ್ಕಿ ಯಾಕ ಕೊಟ್ರಿ ಟೀಚರ್?" ಎಂದರು. ಶನಿವಾರದವರೆಗೆ ಸಮಯ ಕೊಡಿ ಎಂದು ಬೇಡಿಕೊಂಡೆ.

ಆ ಸಂಜೆ ಬೊರಿವಲಿಗೆ ಹೋಗುವ ಲೋಕಲ್‌ನಲ್ಲಿ ನಿಂತು ಎಲ್ಲರನ್ನೂ ಮನಸ್ಸಿನಲ್ಲೇ ಬೈದೆ. ಬೋರ್ಡನ್ನು, ಹೆಡ್‌ಮಾಸ್ತರರನ್ನು, ನನ್ನನ್ನು. ನಿಮ್ಮನ್ನೂ ಬೈದೆ, ಕ್ಷಮಿಸಿ. ಹೀಗೆ ನಡುನೀರಿನಲ್ಲಿ ಬಿಟ್ಟು ಹೋಗುವುದೇ? ನನ್ನ ಮೊದಲ ವರ್ಷ ನೀವು ಗೋಡೆಯ ನಕಾಶೆಯನ್ನು ಇಳಿಸಿ ನೆಲಕ್ಕೆ ಹಾಸಿ, "ಮದಲ ಅದನ್ನ ತಿರುಗ್ಸವಾ. ನಕಾಶಿ ಉತ್ತರಾ ಊರಿನ ಉತ್ತರದ ಕಡೆ ಆಗ್ಲಿ, ಆಮ್ಯಾಲ ಪಾಠ" ಎಂದಿದ್ದಿರಿ. ಇಷ್ಟು ವರ್ಷ ಅದನ್ನೇ ಮಾಡಿದ್ದವಳು ಒಂದು ಹೊಳೆಯುವ ಗಾಜು ಬಂದ ಕೂಡಲೇ ಮರೆತೆನಲ್ಲ!

ಮರುದಿನ ಬೋರ್ಡಿನ ನಕಾಶೆಯನ್ನೇ ಕಾಗದಕ್ಕೆ ಪ್ರಿಂಟ್ ತೆಗೆಸಿದೆ. ಹೊಸ ಸೈಟಿಗೆ ಕೆಂಪು ಗುರುತು ಹಾಕಿ, ಗೇಟಿನೆದುರು ನೆಲದ ಮೇಲೆ ಹಾಸಿ, ರೇಣುಕಾಳ ಕೈಯಿಂದಲೇ ತಿರುಗಿಸಿದೆ. "ಅಯ್ಯ ಟೀಚರ್, ಸ್ಟೇಷನ್ ಈ ಕಡೀಗೆ ಬಂತು!" ಎಂದಳು. ನಾಲ್ಕು ದಿನ ಪ್ರತಿ ಮೂಲೆಯಲ್ಲೂ ನಿಂತು ತಿರುಗಿಸಿದೆವು. ಕಿಟಕಿಯಿಂದ ಹೆಡ್‌ಮಾಸ್ತರರು, "ಅಷ್ಟ ದೊಡ್ಡ ಬೋರ್ಡ್ ಬಿಟ್ಟು ರಸ್ತೇದಾಗ ಏನ್ ನಾಟಕ ಇದು?" ಎಂದು ಕೂಗಿದರು. ಕೇಳಿಸದವಳಂತೆ ಇದ್ದುಬಿಟ್ಟೆ.

ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಮುಂದೆ, ಶಿವಪ್ಪ ಮತ್ತು ನಾನು ಹಿಂದೆ. ಗೇಟಿನಲ್ಲಿ ಕಾಗದ ತಿರುಗಿಸಿ ಎಡಕ್ಕೆ ಹೊರಟಳು. ಸ್ಟೇಷನ್ನಿನ ಬ್ರಿಜ್ ಹತ್ತಿದಳು. ಆಚೆ ತುದಿಯಲ್ಲಿ ಅಪ್ಪ ದಿನಾ ಇಳಿಯುವ ಮೆಟ್ಟಿಲು ಬಿಟ್ಟು ಬೇರೆ ಮೆಟ್ಟಿಲಿಗೆ ತಿರುಗಿಬಿಟ್ಟಳು. "ತಪ್ಪಿತ್ರೀ!" ಎಂದು ಶಿವಪ್ಪ ಕೂಗಲು ಹೋದರು. ನಾನು ಅವರ ತೋಳು ಹಿಡಿದೆ. ನಡು ಬ್ರಿಜ್ಜಿನಲ್ಲಿ, ಪರಗಂಡಸಿನ ತೋಳು! ನೀವು ನೋಡಿದ್ದರೆ... ಅಷ್ಟರಲ್ಲಿ ಅವಳು ಗದ್ದಲದಲ್ಲಿ ಮಾಯ. ಅದೇ ಮೆಟ್ಟಿಲಿಳಿದು ಹುಡುಕಿದೆವು, ಇಲ್ಲ. ಕಳೆದುಹೋದ ಮಗುವಿನ ಮುಂದೆ ನನ್ನ ಪಾಠಕ್ಕೆ ಏನು ಬೆಲೆ, ಅಕ್ಕೋರೇ? ಏದುಸಿರು ಬಿಡುತ್ತ ಸೈಟಿಗೆ ಓಡಿದೆವು.

ಶೆಡ್ಡಿನ ಬಾಗಿಲಲ್ಲಿ ರೇಣುಕಾ ಬೂಟು ಬಿಚ್ಚಿಟ್ಟು ಕೂತಿದ್ದಳು. "ಅಪ್ಪಾ, ನೀ ದಿನಾ ಸುತ್ತ ಹಾಕಿ ಯಾಕ ಬರ್ತಿ? ಇದರಾಗ ಸಣ್ಣ ಹಾದಿ ಐತಿ ನೋಡು," ಎಂದು ಕಾಗದ ಮುಂದೆ ಹಿಡಿದಳು. ಶಿವಪ್ಪ ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು. ಮಗಳನ್ನು ಊರಿಗೆ ಕಳಿಸುವ ಮಾತೆತ್ತಲಿಲ್ಲ; ಶಾಲೆಗೆ ಕಳಿಸುತ್ತೇನೆ ಎಂದೂ ಅನ್ನಲಿಲ್ಲ.

ನಿಮಗೆ ಹೇಳಬೇಕಿದ್ದದ್ದು ಇಷ್ಟೇ. ಸೋಮವಾರ ಬೆಳಿಗ್ಗೆ ಹಾಜರಿ ಕರೆಯುತ್ತ ರೇಣುಕಾಳ ಹೆಸರಿಗೆ ಬಂದೆ. ತಲೆ ಎತ್ತಲು ಧೈರ್ಯವಾಗಲಿಲ್ಲ. ನಾನು ಕರೆಯುವ ಮೊದಲೇ ಎರಡನೇ ಸಾಲಿನಿಂದ ದನಿ ಬಂತು: "ಬಂದೀನ್ರಿ ಟೀಚರ್."